ಹೊಟ್ಟೆನೋವಿಗೆ ನಾಲ್ಕು ಮಾತ್ರೆ, ಬಂಜೆ ಹೆಸರು ಹೆಂಡತಿಗೆ

ಸಂಜೆ ಏಳರ ಹೊತ್ತಿಗೆ ಬಸ್ ಸ್ಟ್ಯಾಂಡ್ ಎದುರಿನ ಮೆಡಿಕಲ್ ಶಾಪ್ ಮುಂದೆ ಹತ್ತು ನಿಮಿಷ ನಿಂತು ನೋಡಿ. "ಮನೇಲಿ ಹೊಟ್ಟೆನೋವು ಅಂತಾರೆ, ಏನಾದ್ರೂ ಕೊಡಿ" ಅನ್ನುವ ಗಂಡಸರು ಬಂದೇ ಬರುತ್ತಾರೆ. ನೋವು ಕಿಬ್ಬೊಟ್ಟೆಯಲ್ಲೋ, ಜ್ವರ ಇದೆಯೋ, ಬಿಳಿ ಹೋಗುತ್ತದೆಯೋ? ಕೇಳುವವರಿಲ್ಲ, ಹೇಳುವವರೂ ಇಲ್ಲ. ನಾಲ್ಕು ಮಾತ್ರೆ ಕೊಟ್ಟರೆ ವ್ಯಾಪಾರ ಮುಗಿಯಿತು. ಎರಡು ದಿನಕ್ಕೆ ನೋವು ಇಳಿಯುತ್ತದೆ, ಎಲ್ಲರೂ ಮರೆಯುತ್ತಾರೆ.

ಆದರೆ ಒಳಗಿನ ನಂಜು ಹಾಗೇ ಉಳಿದಿರಬಹುದು. ಗೊನೋರಿಯಾ, ಕ್ಲಮೈಡಿಯಾ ಎಂಬ ರೋಗಾಣುಗಳು ಗಂಡು ಹೆಣ್ಣಿನ ಕೂಟದಿಂದ ಅಂಟುವಂಥವು. ಹೆರಿಗೆ, ಗರ್ಭಪಾತದ ಸಮಯದಲ್ಲಿ ಶುದ್ಧವಿಲ್ಲದ ಕೈ ತಾಗಿದರೂ ನಂಜು ಗರ್ಭಕೋಶಕ್ಕೆ ಏರುತ್ತದೆ, ಅಲ್ಲಿಂದ ಗರ್ಭನಾಳಕ್ಕೆ. ನಾಳದ ಉದ್ದ ಸುಮಾರು ನಾಲ್ಕು ಇಂಚು, ಒಳದಾರಿ ಕೆಲವು ಕಡೆ ದಾರದಷ್ಟು ಸಣ್ಣ. ಹುಣ್ಣು ಮಾಗಿ ಕಲೆಗಟ್ಟಿತೆಂದರೆ ದಾರಿ ಬಂದ್. ಅರ್ಧ ಮುಚ್ಚಿದರೆ ಇನ್ನೂ ಕಷ್ಟ. ಗರ್ಭ ನಾಳದಲ್ಲೇ ನಿಂತು, ನಾಳ ಒಡೆದು ತಾಯಿಯ ಜೀವಕ್ಕೇ ಸಂಚಕಾರ. ಎಷ್ಟೋ ಹೆಂಗಸರಿಗೆ ಕ್ಲಮೈಡಿಯಾ ತಗುಲಿದ್ದೇ ಗೊತ್ತಾಗುವುದಿಲ್ಲ. ನಮ್ಮ ದೇಶದಲ್ಲಿ ಇದರ ಜೊತೆಗೆ ಕ್ಷಯವೂ ಇದೆ. ಕೆಮ್ಮೇ ಇಲ್ಲದೆ ಗರ್ಭನಾಳ ಕೆಡಿಸುವ ಕ್ಷಯ!

ಸ್ವೀಡನ್ ದೇಶದ ಲುಂಡ್ ಊರಿನಲ್ಲಿ ಡಾಕ್ಟರ್ ವೆಸ್ಟ್ರೋಮ್ ಮತ್ತು ಸಂಗಡಿಗರು 1960ರಿಂದ 1984ರವರೆಗೆ ಇಂಥ ರೋಗಿಗಳ ಲೆಕ್ಕ ಇಟ್ಟರು. 1992ರಲ್ಲಿ ಅದನ್ನು ಪ್ರಕಟಿಸಿದರು. ಒಂದು ಸಲ ನಂಜಾದವರಲ್ಲಿ ನೂರಕ್ಕೆ 8 ಮಂದಿಗೆ ನಾಳ ಕೆಟ್ಟು ಮಕ್ಕಳಾಗಲಿಲ್ಲ. ಎರಡು ಸಲವಾದರೆ ಸುಮಾರು 20, ಮೂರು ಅಥವಾ ಹೆಚ್ಚು ಸಲವಾದರೆ 40. ಮತ್ತೆ ಮತ್ತೆ ಬರುವ ನೋವನ್ನು "ಹೆಂಗಸರಿಗೆ ಇದ್ದದ್ದೇ" ಎಂದು ತಳ್ಳಿಹಾಕುವವರು ಈ ಲೆಕ್ಕ ನೋಡಬೇಕು.

ಸ್ವೀಡನ್ ದೂರವಾಯಿತು ಅನ್ನುತ್ತೀರಾ? ಪಕ್ಕದ ಮಹಾರಾಷ್ಟ್ರದ ಗಡಚಿರೋಲಿಗೆ ಬನ್ನಿ. ಡಾಕ್ಟರ್ ರಾಣಿ ಬಂಗ್ ಅಲ್ಲಿ ಎರಡು ಹಳ್ಳಿಗಳ 650 ಹೆಂಗಸರನ್ನು ಪರೀಕ್ಷೆ ಮಾಡಿ 1989ರಲ್ಲಿ ವರದಿ ಕೊಟ್ಟರು. ನೂರಕ್ಕೆ 92 ಮಂದಿಗೆ ಒಂದಲ್ಲ ಒಂದು ಸ್ತ್ರೀರೋಗ. ಅದಕ್ಕೆ ಮುಂಚೆ ಇಂಥ ಪರೀಕ್ಷೆಗೆ ಹೋಗಿದ್ದವರು ನೂರಕ್ಕೆ 8 ಮಾತ್ರ. ಉಳಿದವರು ಯಾರ ಹತ್ತಿರ ಬಾಯಿ ಬಿಟ್ಟಾರು? ಗಂಡನ ಹತ್ತಿರವೂ ಹೇಳೋಕೆ ನಾಚಿಕೆ.

ಮದುವೆಯಾಗಿ ನಾಲ್ಕು ವರ್ಷವಾದರೂ ತೊಟ್ಟಿಲು ತೂಗದಿದ್ದರೆ ಅತ್ತೆ ಮನೆಯಲ್ಲಿ ಗುಸುಗುಸು ಶುರು. ಹರಕೆ, ತಾಯತ ಎಲ್ಲ ಸೊಸೆಗೆ. ನಂಜು ತಂದದ್ದು ಮಗನೇ ಇರಬಹುದು ಎಂಬ ಮಾತು ಯಾರ ಬಾಯಲ್ಲೂ ಬರುವುದಿಲ್ಲ. ಅವನ ವೀರ್ಯ ಪರೀಕ್ಷೆ ಸುಲಭದ ಕೆಲಸ, ಆದರೂ ಮೊದಲು ಎಕ್ಸ್‌ರೇ ಮೇಜಿನ ಮೇಲೆ ಮಲಗುವವಳು ಅವಳೇ.

ಈ ನಂಜಿಗೆ ಔಷಧಿ ಇದೆ, ದುಬಾರಿಯೂ ಅಲ್ಲ. ಸಾಮಾನ್ಯವಾಗಿ ಹದಿನಾಲ್ಕು ದಿನದ ಮಾತ್ರೆ. ನೋವು ಹೋಯಿತೆಂದು ನಡುವೆ ಬಿಡಬಾರದು. ಗಂಡನಿಗೂ ಚಿಕಿತ್ಸೆ ಬೇಕು, ಇಲ್ಲವಾದರೆ ಗುಣವಾದವಳಿಗೆ ಮತ್ತೆ ಅಂಟುತ್ತದೆ. ತಡ ಮಾಡಿದಷ್ಟೂ ನಾಳಕ್ಕೆ ಕೇಡು. ಮುಚ್ಚಿಹೋದ ನಾಳವನ್ನು ಮಾತ್ರೆ ತೆರೆಯಲಾರದು. ಮೆಡಿಕಲ್ ಶಾಪಿನವರು ಇಂಥ ಗಿರಾಕಿಗೆ "ಡಾಕ್ಟರಿಗೆ ತೋರಿಸಿ ಬನ್ನಿ ಸ್ವಾಮಿ" ಎಂದರೆ ಹೋಗುವ ಲಾಭ ಹತ್ತಿಪ್ಪತ್ತು ರೂಪಾಯಿ.

ಸರ್ಕಾರಿ ಜಿಲ್ಲಾ ಆಸ್ಪತ್ರೆಗಳಲ್ಲಿ ಇದಕ್ಕೆಂದೇ ಸುರಕ್ಷಾ ಕ್ಲಿನಿಕ್‌ಗಳಿವೆ, ಔಷಧಿ ಪುಕ್ಕಟೆ. ಹೆಂಡತಿಯನ್ನು ಒಳಗೆ ಕಳಿಸಿ ಗೇಟಿನ ಹತ್ತಿರ ಬೀಡಿ ಸೇದುತ್ತ ನಿಲ್ಲುವ ಯಜಮಾನರೇ, ನಿಮ್ಮ ಹೆಸರಿಗೂ ಒಂದು ಚೀಟಿ ಮಾಡಿಸಿ.