ಸವೆದು ಉಳಿದದ್ದು

'ಡೆಟ್ರಿಟಸ್' ಎಂಬ ಇಂಗ್ಲಿಷ್ ಪದಕ್ಕೆ 'ಕಸ'ವೆಂದು ಬರೆದು ನಿಘಂಟುಕಾರನು ಕೈತೊಳೆದುಕೊಳ್ಳಬಹುದು. ಆದರೆ ಅರ್ಥದ ಮುಕ್ಕಾಲು ಪಾಲು ಅಲ್ಲಿಯೇ ಸೋರಿಹೋಗುತ್ತದೆ. ಲ್ಯಾಟಿನ್ ಮೂಲದಲ್ಲಿ ಅದಕ್ಕೆ ಉಜ್ಜಿ ಸವೆಸುವುದೆಂದರ್ಥ.

ಭೂವಿಜ್ಞಾನಿಗೆ ಅದು ಬಿಸಿಲು ಮಳೆ ಹೊಳೆಗಳು ಬಂಡೆಯನ್ನು ತೇದು ಉಳಿಸಿದ ಮರಳು, ಹರಳು, ಮೆಕ್ಕಲು. ಅದನ್ನು ಹಗುರವಾಗಿ ಕಾಣುವಂತಿಲ್ಲ. ಪಶ್ಚಿಮ ಆಸ್ಟ್ರೇಲಿಯದ ಜ್ಯಾಕ್ ಹಿಲ್ಸ್ ಎಂಬಲ್ಲಿ ದೊರೆತ ಜಿರ್ಕಾನ್ ಹರಳೊಂದಕ್ಕೆ ಸುಮಾರು 440 ಕೋಟಿ ವರ್ಷ ವಯಸ್ಸೆಂದು 2001ರಲ್ಲಿ ಪ್ರಕಟವಾಯಿತು. ಒಳಗಿನ ಯುರೇನಿಯಂ ಸೀಸವಾಗಿ ಮಾರ್ಪಡುವ ಗತಿಯೇ ಅದರ ಜಾತಕ! ಹರಳನ್ನು ಈಗ ಹೊತ್ತಿರುವ ಶಿಲೆಗಾದರೋ ಸುಮಾರು 300 ಕೋಟಿ ವರ್ಷ ಮಾತ್ರ. ಹೆತ್ತ ಬಂಡೆ ಎಂದೋ ಸವೆದುಹೋಯಿತು. ಭೂಮಿಯ ಶೈಶವಕ್ಕೆ ಸಾಕ್ಷಿ ಹೇಳಲು ಉಳಿದದ್ದು ಈ ಚೂರು.

ಜೀವವಿಜ್ಞಾನಿಯು ಅದೇ ಪದವನ್ನು ಉದುರಿದ ಎಲೆ, ಸತ್ತ ಹುಳು, ಪ್ರಾಣಿಗಳ ಮಲ ಇವಕ್ಕೆ ಬಳಸುತ್ತಾನೆ. ಇದನ್ನುಂಡು ಮಣ್ಣನ್ನು ಹದಗೊಳಿಸುವ ಎರೆಹುಳುವಿನ ಮೇಲೆ ಡಾರ್ವಿನ್ನನು 1881ರಲ್ಲಿ ಗ್ರಂಥವನ್ನೇ ಬರೆದನು. ಮಲೆನಾಡಿನ ಅಡಿಕೆ ತೋಟಿಗನಿಗೆ ಆ ಗ್ರಂಥ ಬೇಕಾಗಲಿಲ್ಲ; ಸೊಪ್ಪಿನ ಬೆಟ್ಟದ ದರಕನ್ನು ಗುಡಿಸಿ ತಂದು, ಕೊಟ್ಟಿಗೆಯಲ್ಲಿ ಹಾಸಿ, ಗೊಬ್ಬರವಾದ ಮೇಲೆ ಮರದ ಬುಡಕ್ಕೆ ಹಾಕುವುದು ಅವನ ಮನೆತನದ ರೂಢಿ.

ದಿನಬಳಕೆಯ ಇಂಗ್ಲಿಷಿನಲ್ಲಿ ಮಾತ್ರ ಪದದ ಬೆಲೆ ಇಳಿದಿದೆ: ಔತಣ ಮುಗಿದ ಮೇಜಿನ ಮೇಲಿನ ಚೂರುಪಾರು, ಬೀದಿಯ ಚಿಂದಿ ಕಾಗದ. ಇಲ್ಲಿ 'ಕಸ'ವೆಂದರೆ ಸಲ್ಲುತ್ತದೆ. ಕಾಡಿನಲ್ಲಿ 'ತರಗು' ಎನ್ನದೆ ಗತ್ಯಂತರವಿಲ್ಲ.