ಗೂಗಲ್‌ನಲ್ಲಿ ಸಿಗದಿದ್ದರೆ ಇಲ್ಲವೆಂದಲ್ಲ

"ಗೂಗಲ್‌ನಲ್ಲಿ ಎಲ್ಲಾ ಹುಡುಕಿದೆ ಸಾರ್, ಏನೂ ಇಲ್ಲ." ಹರಪನಹಳ್ಳಿ ತಾಲ್ಲೂಕಿನ ಬಾಗಳಿ ಕಲ್ಲೇಶ್ವರ ಗುಡಿಯ ಶಾಸನಗಳ ಬಗ್ಗೆ ನಾಲ್ಕು ಪುಟ ಬರೆದುಕೊಂಡು ಬಾ ಎಂದಿದ್ದಕ್ಕೆ, ಪಿಯುಸಿ ಓದುವ ಹುಡುಗ ಮೊಬೈಲನ್ನೇ ನನ್ನ ಮುಂದೆ ಹಿಡಿದ. ಕಳ್ಳಾಟ ಆಡುವ ಹುಡುಗನಲ್ಲ. 'ಎಪಿಗ್ರಾಫಿಯಾ ಕರ್ನಾಟಿಕಾ ಹರಪನಹಳ್ಳಿ' ಎಂದು ಹೊಡೆದಿದ್ದ, ಬೇಕಾದದ್ದು ಬಂದಿರಲಿಲ್ಲ.

ಬರುವುದೂ ಇಲ್ಲ. ಬಿ.ಎಲ್. ರೈಸ್ ಎಪಿಗ್ರಾಫಿಯಾ ಕರ್ನಾಟಿಕಾ ಎಂಬ ಆ ಗ್ರಂಥಮಾಲೆಯನ್ನು ಕಟ್ಟಿದ್ದು ಮೈಸೂರು ಸಂಸ್ಥಾನ ಮತ್ತು ಕೊಡಗಿನ ಶಾಸನಗಳಿಗೆ. ಆಗ ನಮ್ಮ ಸೀಮೆ ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆಯಲ್ಲಿತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಹಾಗಾಗಿ ಬಾಗಳಿ, ಕುರುವತ್ತಿಗಳ ಶಾಸನಪಾಠಕ್ಕೆ 1939ರಲ್ಲಿ ಅಚ್ಚಾದ 'ಸೌತ್ ಇಂಡಿಯನ್ ಇನ್‌ಸ್ಕ್ರಿಪ್ಷನ್ಸ್' ಒಂಬತ್ತನೇ ಸಂಪುಟವನ್ನು ತೆಗೆಯಬೇಕು. ಅದರಲ್ಲೂ ಬ್ರಿಟಿಷರ ಕಾಲದ ಕಾಗುಣಿತ: ಹರಪನಹಳ್ಳಿ 'ಹರ್ಪನಹಳ್ಳಿ' ಆಗಿದೆ, ಹಡಗಲಿ 'ಹಡಗಲ್ಲಿ' ಆಗಿದೆ. ಇಂಗ್ಲಿಷಿನಲ್ಲಿ ಆ ಹಳೆಯ ಕಾಗುಣಿತ ಕೊಟ್ಟು ಹುಡುಕಿಸಿದೆ. ಸ್ಕ್ಯಾನ್ ಮಾಡಿದ ಸಂಪುಟ ಸಿಕ್ಕಿತು. ಹುಡುಗ ಅಲ್ಲೇ ಕೂತು ಬಾಗಳಿಯ ಪುಟಗಳನ್ನು ಒಂದೊಂದಾಗಿ ತಿರುವತೊಡಗಿದ.

'ಗೂಗಲ್‌ನಲ್ಲಿ ಇಲ್ಲ ಅಂದ್ರೆ ಎಲ್ಲೂ ಇಲ್ಲ' ಎಂಬುದು ಈಗ ಎಷ್ಟು ಗಟ್ಟಿಯಾದ ನಂಬಿಕೆಯೆಂದರೆ, ಮೇಷ್ಟ್ರುಗಳೂ ಅದನ್ನೇ ಹೇಳುತ್ತಾರೆ. ನಾವು ಗುಂಡಿ ಒತ್ತಿದ ಕೂಡಲೇ ಗೂಗಲ್ ಲೋಕವನ್ನೆಲ್ಲ ಸುತ್ತಿ ಬರುತ್ತದೆ ಎಂಬ ಭಾವನೆ ಅದರ ಹಿಂದಿದೆ. ನಿಜದಲ್ಲಿ ಅದು ನೋಡುವುದು ತಾನು ಮೊದಲೇ ಓದಿ ಮಾಡಿಟ್ಟುಕೊಂಡ ಪದಸೂಚಿಯನ್ನು, ಪುಸ್ತಕದ ಕೊನೆಯಲ್ಲಿ ಇರುತ್ತದಲ್ಲ, ಅಂಥದ್ದನ್ನು. ಆ ಸೂಚಿಯಲ್ಲಿ ಇಲ್ಲದ ಪದ, ಬೇರೆ ಕಾಗುಣಿತದಲ್ಲಿ ಕೂತ ಪದ ಅದರ ಕೈಗೆ ಸುಲಭವಾಗಿ ಸಿಗುವುದಿಲ್ಲ.

ನಮ್ಮ ಸೀಮೆಯ ತಾಲ್ಲೂಕುಗಳವರಿಗೆಲ್ಲ ಇದರ ಬಿಸಿ ತಟ್ಟಿದೆ. ಹಗರಿಬೊಮ್ಮನಹಳ್ಳಿ ಎಂದು ಪೂರ್ತಿ ಹೊಡೆಯದೆ ಬೊಮ್ಮನಹಳ್ಳಿ ಎಂದರೆ ಬೆಂಗಳೂರಿನ ಬೊಮ್ಮನಹಳ್ಳಿ ಎದ್ದು ಬರುತ್ತದೆ. ಕೊಟ್ಟೂರು ಎಂಬ ಹೆಸರಿನ ಊರುಗಳು ಕೇರಳದಲ್ಲೂ ತಮಿಳುನಾಡಿನಲ್ಲೂ ಇವೆ. ಕೊಟ್ಟೂರು ತಾಲ್ಲೂಕಿನ ಉಜ್ಜಿನಿ, ಪಂಚಪೀಠಗಳಲ್ಲಿ ಒಂದಿರುವ ಊರು, ಮರುಳಸಿದ್ಧೇಶ್ವರನ ಶಿಖರಕ್ಕೆ ತೈಲಾಭಿಷೇಕ ನಡೆಯುವ ಊರು. ಬರೀ ಹೆಸರು ಹೊಡೆದರೆ ಮಧ್ಯಪ್ರದೇಶದ ಉಜ್ಜಯಿನಿ ಮುಂದೆ ಬಂದು ನಿಲ್ಲುತ್ತದೆ. ಹೆಸರನ್ನು ಉದ್ಧರಣ ಚಿಹ್ನೆಯೊಳಗೆ ಇಟ್ಟು, ಪಕ್ಕದಲ್ಲಿ ತಾಲ್ಲೂಕಿನ ಹೆಸರನ್ನೂ ಕೊಟ್ಟರೆ ಅರ್ಧ ತೊಡಕು ಬಿಡುತ್ತದೆ. ಕನ್ನಡದಲ್ಲೊಮ್ಮೆ, ಇಂಗ್ಲಿಷಿನ ಎರಡು ಮೂರು ಕಾಗುಣಿತದಲ್ಲೊಮ್ಮೆ ಹುಡುಕಿ ನೋಡಿ.

ಇದಕ್ಕಿಂತ ನನಗೆ ಹೆಚ್ಚು ನೋವು ಕೊಡುವುದು ಇನ್ನೊಂದು ಸಂಗತಿ. ಇಪ್ಪತ್ತು ಇಪ್ಪತ್ತೈದು ವರ್ಷ ನಮ್ಮ ಕಡೆಯ ಡಿಟಿಪಿ ಅಂಗಡಿಗಳಲ್ಲಿ ಎಷ್ಟು ಸ್ಮರಣ ಸಂಚಿಕೆ, ಜಾತ್ರೆ ಪುಸ್ತಿಕೆ, ವಂಶಾವಳಿಗಳು ಕಂಪ್ಯೂಟರಿಗೆ ಏರಿದವು! ಬಹುಪಾಲು ಹಳೆಯ ನುಡಿ, ಬರಹ ಫಾಂಟುಗಳಲ್ಲಿ. ಕಣ್ಣಿಗೆ ಅದು ಅಪ್ಪಟ ಕನ್ನಡ. ಒಳಗೆ ಕೂತಿರುವುದು ಇಂಗ್ಲಿಷ್ ಅಕ್ಷರಗಳು. ಆ ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ 'ಕನ್ನಡ' ಎಂಬ ಪದದ ಮೊದಲಕ್ಷರ ಪಿ, ನಡುವಿನದು ಪೌಂಡ್ ಗುರುತು, ಕೊನೆಯದು ಕ್ಯೂ. ಪ್ರತಿಯೊಂದರ ಪಕ್ಕದಲ್ಲೂ ತಲೆಯ ಮೇಲೆ ಗೀಟು ಎಳೆದ ಒಂದು ಎ. ಗೂಗಲ್ ಓದುವುದೂ ಅದನ್ನೇ. 1991ರಲ್ಲೇ ಯುನಿಕೋಡ್ ಕನ್ನಡದ ಒಂದೊಂದು ಅಕ್ಷರಕ್ಕೂ ಅದರದೇ ಸಂಖ್ಯೆ ಕೊಟ್ಟಿತ್ತು. ನಮ್ಮ ಅಂಗಡಿಗಳಿಗೆ ಅದು ಮುಟ್ಟಲು ಬಹಳ ವರ್ಷ ಹಿಡಿಯಿತು. ನಿಮ್ಮ ಹತ್ತಿರ ಅಂಥ ಫೈಲ್ ಇದ್ದರೆ ದಯವಿಟ್ಟು ಎಸೆಯಬೇಡಿ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳು ಪುಕ್ಕಟೆ ಸಿಗುತ್ತವೆ. ಬರೀ ಅಚ್ಚಿನ ಪ್ರತಿ ಉಳಿದಿದ್ದರೂ ಚಿಂತೆಯಿಲ್ಲ: ಪುಟದ ಫೋಟೊವನ್ನು ಗೂಗಲ್ ಡ್ರೈವಿಗೆ ಹಾಕಿ ಡಾಕ್ಸ್‌ನಲ್ಲಿ ತೆರೆದರೆ ಕನ್ನಡ ಅಕ್ಷರಗಳನ್ನು ಅದೇ ಓದಿ ಕೊಡುತ್ತದೆ. ಒತ್ತಕ್ಷರಗಳಲ್ಲಿ ತಪ್ಪುಗಳು ಬರುತ್ತವೆ, ಕೂತು ತಿದ್ದಬೇಕು.

ಇನ್ನು, 'ಮೇಲೆ ಬಂದದ್ದೇ ಸರಿ' ಎನ್ನುವವರು. ಮೊದಲ ಸಾಲಿನಲ್ಲಿ 'ಪ್ರಾಯೋಜಿತ' ಎಂಬ ಸಣ್ಣ ಅಕ್ಷರ ಕಂಡರೆ ಅದು ದುಡ್ಡು ಕೊಟ್ಟು ಹಾಕಿಸಿದ ಜಾಹೀರಾತು. ಬ್ಯಾಂಕಿನ ಸಹಾಯವಾಣಿ ಎಂದು ಹುಡುಕಿ, ಸಿಕ್ಕ ಮೊದಲ ನಂಬರಿಗೆ ಕರೆ ಮಾಡಿ ಹಣ ಕಳೆದುಕೊಂಡವರಿದ್ದಾರೆ. ನಂಬರನ್ನು ಪಾಸ್‌ಬುಕ್ಕಿನಲ್ಲೋ ಎಟಿಎಂ ಕಾರ್ಡಿನ ಹಿಂದೆಯೋ ನೋಡಿಕೊಳ್ಳಿ. ಮೋಸವಾಗಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

ಈಗ ಹುಡುಕಿದ್ದಕ್ಕೆ ಎಐ ತಾನೇ ಒಂದು ಉತ್ತರ ಬರೆದು ಮೇಲಿಡುತ್ತದೆ. ಅದು ಕಂಪ್ಯೂಟರ್ ಹೇಳಿದ್ದು, ತಪ್ಪಲಾರದು ಎಂಬ ನಂಬಿಕೆ ಬೇಗ ಬೇರು ಬಿಡುತ್ತಿದೆ. ಹರಪನಹಳ್ಳಿಯನ್ನೇ ತೆಗೆದುಕೊಳ್ಳಿ. 1997ರವರೆಗೆ ಬಳ್ಳಾರಿ ಜಿಲ್ಲೆ, ಆಮೇಲೆ ದಾವಣಗೆರೆ, ಮತ್ತೆ ಬಳ್ಳಾರಿ, 2021ರಿಂದ ವಿಜಯನಗರ. ಈ ನಾಲ್ಕೂ ಕಾಲದಲ್ಲಿ ಬರೆದ ಪುಟಗಳು ಜಾಲದಲ್ಲಿ ಹಾಗೇ ಬಿದ್ದಿವೆ. ಅವು ಬರೆದ ಹೊತ್ತಿಗೆ ಸರಿಯೇ ಇದ್ದವು. ಯಂತ್ರ ಅವನ್ನೆಲ್ಲ ಕಲಸಿ ನಯವಾದ ಒಂದು ವಾಕ್ಯ ಮಾಡಿದಾಗ ಯಾವ ಕಾಲದ ಮಾತು ಎಂಬುದೇ ಬಿಟ್ಟುಹೋಗಬಹುದು. ಕೂಡ್ಲಿಗಿಗೂ ಹಡಗಲಿಗೂ ಇದೇ ಮಾತು ಅನ್ವಯಿಸುತ್ತದೆ. ಅರ್ಜಿಯಲ್ಲಿ ಜಿಲ್ಲೆಯ ಹೆಸರು ತಪ್ಪಾದರೆ ಅಲೆಯುವವರು ನಾವು. ಉತ್ತರದ ಜೊತೆ ಕೊಟ್ಟಿರುವ ಕೊಂಡಿ ತೆರೆದು ದಿನಾಂಕ ನೋಡಬೇಕು. ಮೈಲಾರ ಜಾತ್ರೆಯ ಭವಿಷ್ಯವಾಣಿಯಾದ ಕಾರ್ಣಿಕವಂತೂ ಪ್ರತಿ ಭರತ ಹುಣ್ಣಿಮೆಯ ಆಸುಪಾಸಿಗೆ ನನ್ನ ಮೊಬೈಲಿಗೆ ಎರಡು ಮೂರು ಬಗೆಯಲ್ಲಿ ಬರುತ್ತದೆ, ಯಾವುದೋ ಹಳೆಯ ವರ್ಷದ್ದೂ ಸೇರಿ. ಹುಡುಕಾಟದ ಆಯ್ಕೆಗಳಲ್ಲಿ ಕಾಲಮಿತಿ ಹಾಕಿದರೆ ಈ ವರ್ಷದ್ದು ಯಾವುದೆಂದು ಒಂದೇ ನಿಮಿಷದಲ್ಲಿ ಗೊತ್ತಾಗುತ್ತದೆ.

ಕಳೆದ ಸಲ ನಾವು ಓದಿದ ಶಾಲೆಯ ಸ್ಮರಣ ಸಂಚಿಕೆ ಮಾಡಲು ಕೂತಾಗ ಬೇರೆಯದೇ ಭಯ ಎದುರಾಯಿತು. ಸಂಪಾದಕರು ಐದು ಜನ: ಕೊಟ್ಟೂರಿನಲ್ಲಿ ಇಬ್ಬರು, ಕೂಡ್ಲಿಗಿ, ಹಡಗಲಿಯಲ್ಲಿ ಒಬ್ಬೊಬ್ಬರು, ಬೆಂಗಳೂರಿನಲ್ಲಿ ಒಬ್ಬರು. ಮೊದಲ ತಿಂಗಳು ವಾಟ್ಸ್‌ಆ್ಯಪ್‌ನಲ್ಲೇ ಫೈಲ್ ಓಡಾಡಿತು. ಒಬ್ಬರು ತಿದ್ದಿದ್ದು ಇನ್ನೊಬ್ಬರ ಪ್ರತಿಯಲ್ಲಿಲ್ಲ, ಅವರು ಸೇರಿಸಿದ್ದು ಇವರಲ್ಲಿಲ್ಲ. ಗೂಗಲ್ ಡಾಕ್ಸ್‌ಗೆ ಹಾಕೋಣ ಎಂದೆ. ಗುಂಪಿನಲ್ಲಿದ್ದ ನಿವೃತ್ತ ಹೆಡ್‌ಮಾಸ್ತರರು ಒಪ್ಪಲಿಲ್ಲ. "ಇಬ್ಬರು ಒಂದೇ ಕಾಗದದ ಮೇಲೆ ಬರೆದ್ರೆ ಒಬ್ಬರದು ಅಳಿಸಿ ಹೋಗಲ್ವೇನಪ್ಪಾ?"

ಅಳಿಸುವುದಿಲ್ಲ ಎಂದು ಬಾಯಲ್ಲಿ ಹೇಳಿದರೆ ಸಾಲದು, ತೋರಿಸಬೇಕಾಯಿತು. ಪರದೆಯ ಮೇಲೆ 'ಕೊಟ್ಟೂರು ತೇರು' ಎಂದಿತ್ತು. ಅವರು ಕೊನೆಯಲ್ಲಿ 'ನೋಡಿದೆವು' ಎಂದು ಹೊಡೆಯುತ್ತಿರುವಾಗಲೇ ಹಡಗಲಿಯ ಗೆಳೆಯ ಮೊದಲಿಗೆ 'ನಮ್ಮ' ಸೇರಿಸಿದ. ಅವನ ಹೆಸರಿನ ಹಸಿರು ಗೀಟು ಕಣ್ಣೆದುರೇ ಸರಿದಾಡಿತು. ಮಾಸ್ತರರ ಅಕ್ಷರಗಳು ತಾವಾಗಿ ಬಲಕ್ಕೆ ಜರುಗಿದವು, ಒಂದೂ ಕಳೆಯಲಿಲ್ಲ. ಪ್ರತಿ ಸಲ ಇಡೀ ಪುಟ ಹೋಗಿ ಬರುವುದಿಲ್ಲ. 'ಇಷ್ಟನೇ ಜಾಗದಲ್ಲಿ ಈ ಅಕ್ಷರ ಸೇರಿತು' ಎಂಬ ಚಿಕ್ಕ ಸುದ್ದಿ ಮಾತ್ರ ಹೋಗುತ್ತದೆ. ಮುಂದೆ ಎರಡಕ್ಷರ ಸೇರಿದ್ದರೆ ಹಿಂದಿನವರ ಜಾಗದ ಲೆಕ್ಕವನ್ನು ಡಾಕ್ಸ್ ಅಷ್ಟೇ ಸರಿಸಿಕೊಳ್ಳುತ್ತದೆ. ಎಲ್ಲಿಸ್ ಮತ್ತು ಗಿಬ್ಸ್ ಎಂಬ ಇಬ್ಬರು ಈ ಲೆಕ್ಕದ ದಾರಿಯನ್ನು 1989ರಲ್ಲಿ ಪ್ರಕಟಿಸಿದ್ದರು. ದೂರದ ಇಬ್ಬರು ಒಂದೇ ಬರಹದ ಮೇಲೆ ಒಟ್ಟಿಗೆ ಕೆಲಸ ಮಾಡುವುದನ್ನು ಡಗ್ಲಾಸ್ ಎಂಗೆಲ್ಬಾರ್ಟ್ ಎಂಬ ಎಂಜಿನಿಯರ್ 1968ರ ಡಿಸೆಂಬರಿನಲ್ಲೇ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಸುಮಾರು ಸಾವಿರ ಜನರೆದುರು ತೋರಿಸಿದ್ದ. ಗೂಗಲ್ ಡಾಕ್ಸ್ ಬಂದದ್ದು 2006ರಲ್ಲಿ. ಬರೀ ಅಕ್ಷರದ ಓಡಾಟವಾದ್ದರಿಂದ ನಮ್ಮ ಹಳ್ಳಿಯ ಸೊರಗಿದ ನೆಟ್ಟಿಗೂ ಅದು ಹೊರೆಯಾಗದು.

'ಆನ್‌ಲೈನ್‌ಗೆ ಹಾಕಿದರೆ ಊರೆಲ್ಲ ನೋಡುತ್ತದೆ' ಎಂಬ ಅಂಜಿಕೆಗೆ ಮಾತ್ರ ಅರ್ಧ ಆಧಾರವಿದೆ. ಹೊಸ ಕಡತ ನಿಮಗೊಬ್ಬರಿಗೇ ಕಾಣುತ್ತದೆ. 'ಲಿಂಕ್ ಇರುವ ಯಾರಾದರೂ' ಎಂದು ನೀವೇ ತೆರೆದರೆ ಆ ಲಿಂಕ್ ಯಾವ ಗುಂಪಿಗೆ ಹೋದರೂ ಬಾಗಿಲು ತೆರೆದಂತೆಯೇ. ದಾನಿಗಳ ಫೋನ್ ನಂಬರು, ಬ್ಯಾಂಕ್ ಖಾತೆ ಇರುವ ಪಟ್ಟಿಗೆ ಹಾಗೆ ಮಾಡಲೇಬೇಡಿ. ಒಬ್ಬೊಬ್ಬರ ಇಮೇಲ್ ಹಾಕಿ, ಯಾರು ನೋಡಬೇಕು, ಯಾರು ತಿದ್ದಬೇಕು ಎಂದು ನಿಗದಿ ಮಾಡಿ.

ಸಂಚಿಕೆ ಅಚ್ಚಿಗೆ ಹೋಗುವ ಹಿಂದಿನ ರಾತ್ರಿ ಕೂಡ್ಲಿಗಿಯಿಂದ ಫೋನ್ ಬಂತು. ಮೊಬೈಲಿನಲ್ಲಿ ಬೆರಳು ತಾಗಿ ಮೂರು ಪುಟ ಮಾಯವಾಗಿತ್ತು, ಮಾಸ್ತರರ ನೆನಪಿನ ಲೇಖನವೂ ಸೇರಿ. ಆವೃತ್ತಿ ಇತಿಹಾಸ ತೆರೆದೆ. ಯಾರು, ಎಷ್ಟು ಹೊತ್ತಿಗೆ ಏನು ಬದಲಿಸಿದರು ಎಂಬುದು ಬಣ್ಣಬಣ್ಣದಲ್ಲಿ ಸಾಲಾಗಿ ನಿಂತಿತ್ತು. ಸಂಜೆ ಏಳು ನಲವತ್ತರ ಪ್ರತಿಯನ್ನು ಒತ್ತಿ ಮರಳಿ ತಂದೆ. ಮಾಸ್ತರರು ಕೊಟ್ಟೂರಿನ ತಮ್ಮ ಮನೆಯಲ್ಲಿ ಕೂತು ತೆರೆದು ನೋಡಿ, ತಮ್ಮ ಲೇಖನದಲ್ಲಿ ಒಂದು ಅಲ್ಪವಿರಾಮ ಸರಿಪಡಿಸಿದರು.