ಹಿಮ ಬೀಳುವ ದೇಶದಲ್ಲಿ ಕಾರಿಗೆ ಎಂಥ ಚಕ್ರ, ಎಂಥ ಟೈರು?



ಕಾರು ಎಷ್ಟೇ ದೊಡ್ಡದಿರಲಿ, ಎಷ್ಟೇ ಬೆಲೆಯದಿರಲಿ, ಅದು ನೆಲ ಮುಟ್ಟುವುದು ನಾಲ್ಕೇ ಕಡೆ. ಒಂದೊಂದು ಕಡೆಯೂ ಸುಮಾರು ಅಂಗೈ ಅಗಲದಷ್ಟು ರಬ್ಬರು ಮಾತ್ರ. ಓಡುವುದು, ತಿರುಗುವುದು, ನಿಲ್ಲುವುದು ಎಲ್ಲವೂ ಆ ನಾಲ್ಕು ಅಂಗೈ ರಬ್ಬರನ್ನೇ ನಂಬಿವೆ. ನಮ್ಮ ಕಡೆ ಒಣ ಡಾಂಬರು ರಸ್ತೆಯಲ್ಲಿ ಇದು ಅಷ್ಟಾಗಿ ಗೊತ್ತಾಗುವುದಿಲ್ಲ. ಹಿಮ ಬೀಳುವ ದೇಶಗಳಲ್ಲಿ ಇದು ಪ್ರಾಣದ ಪ್ರಶ್ನೆ.

ನಮ್ಮ ಚಿಕ್ಕಪ್ಪ ಕೆನಡಾ ದೇಶದ ಮಾಂಟ್ರಿಯಲ್ ನಗರದಲ್ಲಿ ರಾತ್ರಿ ಪಾಳಿ ಕೆಲಸಕ್ಕಿದ್ದಾರೆ. ಹೋದ ದೀಪಾವಳಿಗೆ ಫೋನು ಮಾಡಿದಾಗ, "ಹಳೇ ಕಾರು ತಗೊಂಡಿದ್ದೀನಿ. ಅದಕ್ಕೆ ಫಳಫಳ ಹೊಳೆಯೋ ದೊಡ್ಡ ಚಕ್ರ ಹಾಕಿಸೋ ಆಸೆ. ಆದ್ರೆ ಚಳಿಗಾಲದ ಟೈರಿಗೂ ದುಡ್ಡು ಬೇಕು, ಎರಡೂ ಆಗಲ್ಲ" ಎಂದರು. ನಮ್ಮಜ್ಜಿ, "ಗಾಡಿ ಜಾರದಂಗೆ ನೋಡ್ಕೊಳಪ್ಪ, ಹೊಳಪು ಆಮೇಲೆ" ಅಂದುಬಿಟ್ಟರು. ಅಜ್ಜಿಯ ಮಾತು ಹೇಗೆ ಸರಿ ಎಂಬುದನ್ನು ಈಗ ಒಂದೊಂದಾಗಿ ನೋಡೋಣ.

1. ಚಳಿಗೆ ರಬ್ಬರು ಏನಾಗುತ್ತದೆ?

ಚಳಿಗಾಲದ ಬೆಳಿಗ್ಗೆ ಕೊಬ್ಬರಿ ಎಣ್ಣೆ ಶೀಶೆಯಲ್ಲಿ ಹೆಪ್ಪುಗಟ್ಟಿರುತ್ತೆ ಅಲ್ವಾ? ರಬ್ಬರು ಹಾಗೆ ಹೆಪ್ಪುಗಟ್ಟುವುದಿಲ್ಲ, ಆದರೆ ಚಳಿ ಹೆಚ್ಚಿದಂತೆ ಬಿರುಸಾಗುತ್ತಾ ಹೋಗುತ್ತದೆ. ಬೇಸಿಗೆ ಟೈರಿನ ರಬ್ಬರು ಸುಮಾರು 7 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹಿಡಿತ ಕಳೆದುಕೊಳ್ಳತೊಡಗುತ್ತದೆ ಎಂದು ಟೈರು ತಯಾರಿಸುವವರು ಹೇಳುತ್ತಾರೆ. ಮಾಂಟ್ರಿಯಲ್‌ನಲ್ಲಿ ಜನವರಿ ರಾತ್ರಿ ಮೈನಸ್ 20ರವರೆಗೂ ಇಳಿಯುವುದುಂಟು. ಆದ್ದರಿಂದ ಹಿಮವಿಲ್ಲದ ಒಣ ರಸ್ತೆಯಲ್ಲೂ ಆ ಟೈರು ಸರಿಯಾಗಿ ಹಿಡಿಯುವುದಿಲ್ಲ.

ಚಳಿಗಾಲದ ಟೈರಿನ ರಬ್ಬರಿನ ಮಿಶ್ರಣವೇ ಬೇರೆ. ಕೊರೆಯುವ ಚಳಿಯಲ್ಲೂ ಅದು ಮೆತ್ತಗಿರುತ್ತದೆ. ಅದರ ಮೈಮೇಲೆ ಆಳವಾದ ಗೆರೆಗಳ ಜೊತೆಗೆ ಬ್ಲೇಡಿನಿಂದ ಸೀಳಿದಂತೆ ನೂರಾರು ಸಣ್ಣ ಸೀಳುಗಳಿರುತ್ತವೆ. ಮಂಜುಗಡ್ಡೆಯ ಮೇಲಿನ ತೆಳು ನೀರಿನ ಪದರವನ್ನು ಈ ಸೀಳುಗಳು ಒಳಗೆಳೆದುಕೊಳ್ಳುತ್ತವೆ. ಆಳದ ಗೆರೆಗಳಲ್ಲಿ ಹಿಮ ತುಂಬಿಕೊಳ್ಳುತ್ತದೆ. ಹಿಮಕ್ಕೆ ಹಿಮ ಚೆನ್ನಾಗಿ ಅಂಟುವುದರಿಂದ ಅದೂ ಹಿಡಿತಕ್ಕೇ ಸಹಾಯ.

2. ಸ್ವಲ್ಪ ಇತಿಹಾಸ

ಪ್ರಪಂಚದ ಮೊದಲ ಚಳಿಗಾಲದ ಟೈರು ತಯಾರಾದದ್ದು ಫಿನ್ಲೆಂಡ್ ದೇಶದಲ್ಲಿ, 1934ರಲ್ಲಿ. ಅದು ಲಾರಿಗಳಿಗಾಗಿ. 1936ರಲ್ಲಿ ಅದೇ ಕಂಪನಿ ಕಾರಿಗೂ ತಯಾರಿಸಿತು. ಈಗ ಆ ಕಂಪನಿಯ ಹೆಸರು ನೋಕಿಯನ್.

ಮುಂದೆ ಟೈರಿಗೆ ಲೋಹದ ಮೊಳೆ ಕೂರಿಸುವ ಪದ್ಧತಿಯೂ ಬಂತು. ಗಟ್ಟಿ ಮಂಜುಗಡ್ಡೆಗೆ ಅದು ಒಳ್ಳೆಯದೇ. ಆದರೆ ಹಿಮವಿಲ್ಲದ ಕಡೆ ಆ ಮೊಳೆಗಳು ರಸ್ತೆಯನ್ನೇ ಕೆರೆದು ಧೂಳೆಬ್ಬಿಸುತ್ತವೆ. ಜಪಾನಿನಲ್ಲಿ ಈ ಧೂಳು ಎಷ್ಟು ಕಾಟ ಕೊಟ್ಟಿತೆಂದರೆ, 1990ರಲ್ಲಿ ಮೊಳೆ ಟೈರುಗಳ ವಿರುದ್ಧ ಕಾನೂನನ್ನೇ ತಂದರು. ನಮ್ಮ ದೇಶದ ಕಾಶ್ಮೀರ, ಲಡಾಖ್, ಹಿಮಾಚಲ ಪ್ರದೇಶಗಳಲ್ಲಿ ಹಿಮ ಬಿದ್ದಾಗ ಡ್ರೈವರುಗಳು ಚಕ್ರಕ್ಕೆ ಕಬ್ಬಿಣದ ಸರಪಳಿ ಸುತ್ತುತ್ತಾರೆ. ಸರಪಳಿ ಕಟ್ಟಿ ನಿಧಾನವಾಗಿಯೇ ಹೋಗಬೇಕು, ಹಿಮ ಮುಗಿದ ಕೂಡಲೇ ಬಿಚ್ಚಬೇಕು.

3. ಗುರುತು ನೋಡಿ ಕೊಳ್ಳಬೇಕು

ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು, ಇಂಥ ಚಿತ್ರ ಇದ್ದರೆ ಅದು ಹಿಮದ ಮೇಲೆ ಪರೀಕ್ಷೆಯಲ್ಲಿ ಪಾಸಾದ ಟೈರು ಎಂದು ಅರ್ಥ. ಬರೀ 'ಎಂ+ಎಸ್' (ಕೆಸರು ಮತ್ತು ಹಿಮ) ಎಂದಿದ್ದರೆ ಸಾಲದು. ಆ ಅಕ್ಷರಕ್ಕೆ ಅಂಥ ಪರೀಕ್ಷೆ ಬೇಕಿಲ್ಲ. ಜರ್ಮನಿಯಲ್ಲಿ 2024ರ ಅಕ್ಟೋಬರಿನಿಂದ ಬರೀ ಎಂ+ಎಸ್ ಟೈರನ್ನು ಚಳಿಗಾಲದ ಟೈರು ಎಂದು ಒಪ್ಪುವುದಿಲ್ಲ. ಮಾಂಟ್ರಿಯಲ್ ಇರುವ ಕ್ವಿಬೆಕ್ ಪ್ರಾಂತ್ಯದಲ್ಲಿ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ಕಾರಿಗೆ ಚಳಿಗಾಲದ ಟೈರು ಕಡ್ಡಾಯ.

ತಯಾರಾದ ಕಾಲವನ್ನೂ ಟೈರಿನ ಮೇಲೇ ಓದಬಹುದು. ಉದಾಹರಣೆಗೆ 3524 ಎಂಬ ನಾಲ್ಕು ಅಂಕಿ ಇದ್ದರೆ 2024ನೇ ಇಸವಿಯ 35ನೇ ವಾರ. ಹಳೆಯ ರಬ್ಬರು ಬಿರುಸಾಗುವುದರಿಂದ ಇದನ್ನು ನೋಡದೆ ಕೊಳ್ಳಬಾರದು.

4. ಒಂದು ಜೊತೆಯೋ, ಎರಡು ಜೊತೆಯೋ?

ವರ್ಷವಿಡೀ ಒಂದೇ ಟೈರು ಸಾಕಾಗುವುದಿಲ್ಲವೇ ಎಂದು ನೀವು ಕೇಳಬಹುದು. ಬೆಟ್ಟ-ಹಿಮದ ಗುರುತಿರುವ 'ಆಲ್ ವೆದರ್' ಟೈರುಗಳಿವೆ. ಹಿಮ ಅಪರೂಪಕ್ಕೆ ಬೀಳುವ ಊರಿಗೆ, ಕಡಿಮೆ ಓಡಾಡುವವರಿಗೆ ಅವು ಸಾಕು. 'ಆಲ್ ಸೀಸನ್' ಎಂಬ ಹೆಸರು ಕೇಳಲು ಅದೇ ಥರ ಇದ್ದರೂ ಅವುಗಳಲ್ಲಿ ಎಷ್ಟೋ ಟೈರಿಗೆ ಈ ಗುರುತು ಇರುವುದಿಲ್ಲ. ಹೆಸರಿಗೆ ಮೋಸ ಹೋಗಬಾರದು.

ನಾಲ್ಕೈದು ತಿಂಗಳು ಹಿಮವಿರುವ ಕಡೆ ಎರಡು ಜೊತೆ ಇಡುವುದೇ ಲೇಸು. ಚಳಿಗಾಲದ ಮೆತ್ತನೆ ಟೈರು ಬೇಸಿಗೆಯ ಕಾದ ರಸ್ತೆಯಲ್ಲಿ ಬೇಗ ಸವೆಯುತ್ತೆ, ಬ್ರೇಕ್ ಹಾಕಿದಾಗ ಬೇಗ ನಿಲ್ಲುವುದೂ ಇಲ್ಲ. ಎರಡು ಜೊತೆ ಇದ್ದರೆ ಒಂದು ಓಡುವಾಗ ಇನ್ನೊಂದು ಸವೆಯುವುದಿಲ್ಲ, ಆದ್ದರಿಂದ ಖರ್ಚು ನಾವು ಅಂದುಕೊಂಡಷ್ಟು ದುಪ್ಪಟ್ಟಾಗುವುದಿಲ್ಲ. ಆದರೆ ಹಾಕಿದರೆ ನಾಲ್ಕೂ ಒಂದೇ ಥರದ್ದು ಹಾಕಬೇಕು. ಮುಂದೆ ಮಾತ್ರ ಹೊಸದು ಹಾಕಿದರೆ ತಿರುವಿನಲ್ಲಿ ಹಿಂಭಾಗ ಜಾರಿ ಗಾಡಿ ಗಿರ್ರನೆ ತಿರುಗಿಬಿಡುತ್ತದೆ.

5. ಇನ್ನು ಚಕ್ರದ ವಿಚಾರ

ಚಳಿಗಾಲಕ್ಕೆ ದೊಡ್ಡ ಚಕ್ರಕ್ಕಿಂತ ಸಣ್ಣದೇ ಮೇಲು. ದೊಡ್ಡ ಚಕ್ರಕ್ಕೆ ಟೈರಿನ ಗೋಡೆ ಗಿಡ್ಡ. ಹಿಮದಡಿ ಮುಚ್ಚಿದ ಗುಂಡಿಗೆ ಬಿದ್ದರೆ ಏಟು ನೇರ ಚಕ್ರಕ್ಕೇ. ಟೈರು ಕೊಂಚ ಕಿರಿದಾಗಿದ್ದರೂ ಒಳ್ಳೆಯದು. ನಮ್ಮ ಎತ್ತಿನ ಗಾಡಿಯ ಕಿರಿದಾದ ಚಕ್ರ ಕೆಸರನ್ನು ಸೀಳಿಕೊಂಡು ಕೆಳಗಿನ ಗಟ್ಟಿ ನೆಲ ಮುಟ್ಟುವಂತೆ, ಕಿರಿದಾದ ಟೈರು ಕರಗಿದ ಹಿಮವನ್ನು ಸೀಳಿ ರಸ್ತೆ ಮುಟ್ಟುತ್ತದೆ.

ಹಂಗಂತ ಮನಸ್ಸಿಗೆ ಬಂದ ಅಳತೆ ಹಾಕುವ ಹಾಗಿಲ್ಲ. ಟೈರಿನ ಒಟ್ಟು ಎತ್ತರ ಬದಲಾದರೆ ವೇಗ ತೋರಿಸುವ ಮುಳ್ಳು ತಪ್ಪು ಹೇಳುತ್ತೆ. ಗಣಿತ ನೋಡಿ: 225/45 ಆರ್ 17 ಎಂದರೆ ಅಗಲ 225 ಮಿ.ಮೀ., ಗೋಡೆಯ ಎತ್ತರ ಆ ಅಗಲದ ಶೇಕಡ 45, ಚಕ್ರದ ವ್ಯಾಸ 17 ಅಂಗುಲ (1 ಅಂಗುಲ = 25.4 ಮಿ.ಮೀ.).

225/45 ಆರ್ 17: 225 × 0.45 × 2 = 202.5, 17 × 25.4 = 431.8; ಒಟ್ಟು 634.3 ಮಿ.ಮೀ.
205/55 ಆರ್ 16: 205 × 0.55 × 2 = 225.5; 16 × 25.4 = 406.4, ಒಟ್ಟು 631.9 ಮಿ.ಮೀ.

ವ್ಯತ್ಯಾಸ ಎರಡೂವರೆ ಮಿ.ಮೀ. ಸಹ ಇಲ್ಲ! ಆದ್ದರಿಂದ 17ರ ಬದಲು 16 ಅಂಗುಲದ ಚಕ್ರ ಹಾಕಬಹುದು. ಆದರೆ ಒಳಗಿನ ಬ್ರೇಕಿಗೆ ತಗಲಬಾರದು, ಬೋಲ್ಟಿನ ತೂತುಗಳ ಸಂಖ್ಯೆ ಮತ್ತು ಅಂತರ, ನಡುವಿನ ತೂತು ಎಲ್ಲ ಸರಿಹೊಂದಬೇಕು. ಟೈರು ಹೊರುವ ಭಾರವೂ ಕಾರಿಗೆ ಹೇಳಿದ್ದಕ್ಕಿಂತ ಕಡಿಮೆಯಾಗಬಾರದು. ಚಕ್ರ ಬದಲಿಸಿ ಸುಮಾರು 100 ಕಿ.ಮೀ. ಓಡಿಸಿದ ಮೇಲೆ ನಟ್ಟು ಬೋಲ್ಟು ಮತ್ತೊಮ್ಮೆ ಬಿಗಿ ನೋಡಬೇಕು.

ಹೊಳಪಿನ ಮಾತು ಬಂದರೆ, ಅಲ್ಲಿ ಮಂಜುಗಡ್ಡೆ ಕರಗಲು ರಸ್ತೆಗೆ ಉಪ್ಪು ಚೆಲ್ಲುತ್ತಾರೆ. ಆ ಉಪ್ಪುನೀರು ಕ್ರೋಮ್ ಲೇಪವನ್ನು ತಿಂದುಹಾಕುತ್ತದೆ. ಸಾದಾ ಉಕ್ಕಿನ ಚಕ್ರಕ್ಕೂ ತುಕ್ಕು ಹಿಡಿಯುತ್ತೆ, ಆದರೆ ಅದು ಅಗ್ಗ. ಗುಂಡಿಗೆ ಬಿದ್ದರೆ ಬಗ್ಗಬಹುದು, ಸುಲಭಕ್ಕೆ ಒಡೆಯುವುದಿಲ್ಲ. ಚಿಕ್ಕಪ್ಪ ಕೊನೆಗೆ 16 ಅಂಗುಲದ ಕರಿ ಉಕ್ಕಿನ ಚಕ್ರ, ಬೆಟ್ಟ-ಹಿಮದ ಗುರುತಿನ ನಾಲ್ಕು ಟೈರು ಹಾಕಿಸಿದರು. ಹೊಳೆಯುವ ಚಕ್ರವನ್ನು ಸದ್ಯಕ್ಕೆ ಕೈಬಿಟ್ಟಿದ್ದಾರೆ.

6. ಗಾಳಿ ಮರೆಯಬಾರದು

ತಣ್ಣಗಾದರೆ ಗಾಳಿಯ ಒತ್ತಡ ಇಳಿಯುತ್ತದೆ ಎಂದು ಅನಿಲಗಳ ಪಾಠದಲ್ಲಿ ಓದಿದ್ದೇವೆ. 25 ಡಿಗ್ರಿಯಲ್ಲಿ 32 ಪೌಂಡ್ ಗಾಳಿ ತುಂಬಿದ ಟೈರು ಮೈನಸ್ 15 ಡಿಗ್ರಿಯಲ್ಲಿ ಸುಮಾರು 26 ಪೌಂಡ್‌ಗೆ ಇಳಿದಿರುತ್ತದೆ. ಎಲ್ಲೂ ಪಂಚರ್ ಆಗಿಲ್ಲ, ಚಳಿಯಷ್ಟೇ! ಆದ್ದರಿಂದ ಚಳಿಗಾಲದಲ್ಲಿ ಆಗಾಗ ಗಾಳಿ ನೋಡಿಸಬೇಕು. ಟೈರಿನ ಗೆರೆಗಳ ಆಳ 4 ಮಿ.ಮೀ.ಗಿಂತ ಕಡಿಮೆಯಾದರೆ ಹಿಮದಲ್ಲಿ ಹಿಡಿತ ಸಾಲದು ಎಂದೂ ತಿಳಿದವರು ಹೇಳುತ್ತಾರೆ.

ಕೊನೆಯದಾಗಿ ಒಂದು ಮಾತು. ನಾಲ್ಕು ಚಕ್ರಕ್ಕೂ ಎಂಜಿನ್ ಬಲ ಹೋಗುವ ಗಾಡಿ ಇದ್ದರೆ ಭಯವಿಲ್ಲ ಎಂದು ಕೆಲವರು ತಿಳಿದಿದ್ದಾರೆ. ಅದು ಗಾಡಿ ಹೊರಡಲು ಸಹಾಯ, ನಿಲ್ಲಲು ಅಲ್ಲ. ನಿಲ್ಲಿಸುವುದು ಟೈರೇ. ಆದ್ದರಿಂದ ಮೊದಲು ರಬ್ಬರು, ಆಮೇಲೆ ಅದಕ್ಕೊಪ್ಪುವ ಚಕ್ರ, ದುಡ್ಡು ಉಳಿದರೆ ಹೊಳಪು.

ಲೆಕ್ಕ ಮಾಡಿ ನೋಡಿ: 225/45 ಆರ್ 17 ಇರುವ ಕಾರಿಗೆ 215/60 ಆರ್ 16 ಹಾಕಬಹುದೇ? ವ್ಯತ್ಯಾಸ ಶೇಕಡ 3ರೊಳಗೆ ಇರಬೇಕು.
(ಉತ್ತರ: ಹಾಕಬಾರದು. ಒಟ್ಟು ಎತ್ತರ 664.4 ಮಿ.ಮೀ. ಆಗುತ್ತದೆ, ಸುಮಾರು ಶೇಕಡ 4.7 ಹೆಚ್ಚು.)

– 10ನೇ ತರಗತಿ, 'ಬಿ' ವಿಭಾಗ